ಫ್ರಾನ್ಸ್ ರಾಜಮನೆತನದ ವಸ್ತುಗಳು ಅಮೆರಿಕದ ಮ್ಯೂಸಿಯಂಗಳಲ್ಲಿ ಏಕಿವೆ?

ಮುಖ್ಯ ಕಾರಣ, ಫ್ರಾನ್ಸ್ ಸರ್ಕಾರವೇ ಅವುಗಳನ್ನು ಹರಾಜು ಹಾಕಿತು. ಕ್ರಾಂತಿಯ ನಂತರ ಹೊಸ ಗಣರಾಜ್ಯಕ್ಕೆ ಯುದ್ಧ ನಡೆಸಲು ದುಡ್ಡು ಬೇಕಿತ್ತು, ರಾಜರ ಗುರುತು ಬೇಡವಾಗಿತ್ತು. 1793ರ ಆಗಸ್ಟ್‌ನಲ್ಲಿ ಶುರುವಾದ ವರ್ಸೈ ಅರಮನೆಯ ಹರಾಜು ಸುಮಾರು ಒಂದು ವರ್ಷ ನಡೆಯಿತು. 17,000ಕ್ಕೂ ಹೆಚ್ಚು ಬಾಬುಗಳು ಬಿಕರಿಯಾದವು. ಮತ್ತೆ 1887ರಲ್ಲಿ ಕಿರೀಟದ ಒಡವೆಗಳನ್ನೂ ಮಾರಿದರು. ಆಗ ಅತಿ ಹೆಚ್ಚು ಕೊಂಡದ್ದು ನ್ಯೂಯಾರ್ಕಿನ ಒಡವೆ ಕಂಪನಿ ಟಿಫನಿ.

ಆ ಹೊತ್ತಿಗೆ ಯುರೋಪಿನ ಹಳೆಯ ಶ್ರೀಮಂತರು ಸೊರಗುತ್ತಿದ್ದರು, ರೈಲು-ಉಕ್ಕಿನಲ್ಲಿ ದುಡಿದ ಅಮೆರಿಕನ್ನರ ಕೈಯಲ್ಲಿ ಹಣವಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ರಾಣಿ ಮರಿ ಆಂತ್ವನೆತ್‌ಗಾಗಿ 1783ರಲ್ಲಿ ಪೀಠೋಪಕರಣ ಕುಶಲಕರ್ಮಿ ರೀಸ್ನರ್ ಮಾಡಿದ ಬರವಣಿಗೆಯ ಕಪಾಟಿದೆ. ಹತ್ತಿರ ನಿಂತು ನೋಡಿ: ಕಪ್ಪು ಜಪಾನಿ ಅರಗಿನ ಹಲಗೆಗಳು, ಮೇಲಂಚಿನ ಚಿನ್ನದ ಲೇಪದ ಕಂಚಿನ ಹೂಗಳ ನಡುವೆ ರಾಣಿಯ ಹೆಸರಿನ ಮೊದಲಕ್ಷರಗಳು. ನನಗಂತೂ ಒಡವೆಗಳಿಗಿಂತ ಇದೇ ಹೆಚ್ಚು ಮನಸ್ಸಿಗೆ ತಟ್ಟುತ್ತದೆ. ಬ್ರಿಟನ್ನಿನ ಹ್ಯಾಮಿಲ್ಟನ್ ಡ್ಯೂಕ್ ಮನೆತನ 1882ರಲ್ಲಿ ಹರಾಜಿಗಿಟ್ಟಾಗ ಇದು ಅಮೆರಿಕದ ರೈಲು ಉದ್ಯಮಿ ವ್ಯಾಂಡರ್‌ಬಿಲ್ಟ್ ಪಾಲಾಯಿತು. 1920ರಲ್ಲಿ ಅವರ ಉಯಿಲಿನಂತೆ ಮ್ಯೂಸಿಯಂ ಸೇರಿತು.

ಎಲ್ಲವೂ ಹೀಗೆ ಮಾರಾಟವಾದದ್ದಲ್ಲ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿರುವ ಹೋಪ್ ವಜ್ರ, 1792ರಲ್ಲಿ ಕಳವಾದ ರಾಜನ ನೀಲಿ ವಜ್ರವನ್ನು ಮತ್ತೆ ಕತ್ತರಿಸಿ ಮಾಡಿದ್ದು. 1958ರಲ್ಲಿ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಅದನ್ನು ಮ್ಯೂಸಿಯಂಗೆ ರಿಜಿಸ್ಟರ್ಡ್ ಅಂಚೆಯಲ್ಲೇ ಕಳಿಸಿಕೊಟ್ಟರು. ಅದರ ಮೂಲ ಹರಳನ್ನು 14ನೇ ಲೂಯಿಗೆ ಮಾರಿದ ಫ್ರೆಂಚ್ ವ್ಯಾಪಾರಿ ಟಾವೆರ್ನಿಯೆ ಕೊಂಡೊಯ್ದದ್ದು ನಮ್ಮ ಭಾರತದಿಂದಲೇ.