ಅಣ್ಣನ ರಕ್ತದ ಗುಂಪು ಬೇರೆ; ತಮ್ಮನಿಗೆ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕೋಶ) ಕೊಡಬಹುದೇ? (ಡೊಂಬಿವಲಿಯಿಂದ)

ಕೊಡಬಹುದು. ಗುಂಪು ಬೇರೆಯಾದರೆ ಸ್ಟೆಮ್ ಸೆಲ್ ಚೀಲದಿಂದ ಕೆಂಪುಕಣವನ್ನೋ ಪ್ಲಾಸ್ಮಾವನ್ನೋ ತೆಗೆದು ಕೊಡುತ್ತಾರೆ. ಕಸಿ ಹಿಡಿದರೆ ಕೆಲವು ತಿಂಗಳಲ್ಲಿ ತಮ್ಮನಿಗೂ ಅಣ್ಣನ ಗುಂಪೇ ಬರುತ್ತದೆ.

ಹೊಂದಬೇಕಾದದ್ದು ಎಚ್‌ಎಲ್‌ಎ, ಅಂದರೆ ಕೋಶ ತನ್ನದೋ ಪರರದೋ ಎಂದು ದೇಹ ಗುರುತು ಹಿಡಿಯುವ ಪ್ರೋಟೀನ್‌ಗಳು. ಇವುಗಳ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿ ಹತ್ತಿರ ಹತ್ತಿರ ಇರುವುದರಿಂದ ಅಪ್ಪನದೊಂದು, ಅಮ್ಮನದೊಂದು ಕಟ್ಟು ಸಾಮಾನ್ಯವಾಗಿ ಇಡಿಯಾಗಿ ಬರುತ್ತವೆ. ಹೀಗಾಗಿ ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ಶೇ 25, ಅರ್ಧ ಹೊಂದುವುದು ಶೇ 50. ಎ, ಬಿ, ಸಿ, ಡಿಆರ್‌ಬಿ1, ಡಿಕ್ಯೂಬಿ1 ಎಂಬ ಐದು ಜೀನ್‌ಗಳ ತಲಾ ಎರಡು ಪ್ರತಿ ಸೇರಿ ಹತ್ತೂ ಹೊಂದಿದರೆ ವರದಿಯಲ್ಲಿ 10/10. ಹೊಂದದಿದ್ದರೆ ದಾನಿಯ ಟಿ ಕೋಶಗಳು (ರೋಗನಿರೋಧಕ ಬಿಳಿಕಣಗಳು) ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳುವ ಅಪಾಯ ಹೆಚ್ಚು.

ತಮ್ಮನಿಗೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಇದ್ದು, ಅದರ ಬ್ಲಾಸ್ಟ್ ಎಂಬ ಬಲಿಯದ ಕೋಶಗಳು ರಕ್ತದಲ್ಲಿ ತುಂಬಿರುವಾಗ ಈ ಪರೀಕ್ಷೆಗೆ ಅವನ ರಕ್ತ ಕಳಿಸಬೇಡಿ. ಆ ಕೋಶಗಳು 6ನೇ ಕ್ರೋಮೋಸೋಮಿನ ಭಾಗ ಕಳೆದುಕೊಂಡಿದ್ದರೆ ಫಲಿತಾಂಶವೇ ತಪ್ಪಾಗುತ್ತದೆ. ಕೆನ್ನೆಯ ಒಳಗಿನ ಸ್ವಾಬ್ ಕೊಡಿಸಿ. ಕಸಿಗಾಗಿ ಕೊಡುವ ಕೀಮೋಗೆ ಮುಂಚೆ ಇಬ್ಬರದೂ ಹೊಸ ಮಾದರಿಯಿಂದ ಮರುಪರೀಕ್ಷೆ ಆಗಲೇಬೇಕು, ಸ್ಯಾಂಪಲ್ ಅದಲುಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಅಣ್ಣ ಹೊಂದದಿದ್ದರೆ? ನಮ್ಮಲ್ಲಿ ಸೋದರಮಾವನ, ಅತ್ತೆಯ ಮಕ್ಕಳ ಸಂಬಂಧ ಬೆಳೆಸುವುದುಂಟು. ಅಪ್ಪ ಅಮ್ಮ ರಕ್ತಸಂಬಂಧಿಗಳಾಗಿದ್ದರೆ ಅವರನ್ನೂ ಊರಿನ ನೆಂಟರನ್ನೂ ಪರೀಕ್ಷಿಸುವುದು ಸಾರ್ಥಕ, ಇದನ್ನು ವೈದ್ಯರಿಗೆ ನೀವೇ ಹೇಳಿ. ಜೊತೆಗೇ ದಾತ್ರಿ, ಡಿಕೆಎಂಎಸ್ ಎಂಬ ಸ್ಟೆಮ್ ಸೆಲ್ ದಾನಿಗಳ ನೋಂದಣಿಗಳಲ್ಲಿ ಹುಡುಕಿಸಿ. ಅರ್ಧ ಹೊಂದುವ ದಾನಿಯೂ ಆದೀತು: ಕಸಿಯ ನಂತರ 3, 4ನೇ ದಿನ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ಕೊಟ್ಟು ಟಿ ಕೋಶಗಳನ್ನು ಅಡಗಿಸುತ್ತಾರೆ. ಆದರೆ ತಮ್ಮನ ರಕ್ತದಲ್ಲಿ ಆ ದಾನಿಯ ಎಚ್‌ಎಲ್‌ಎ ವಿರುದ್ಧ ಪ್ರತಿಕಾಯ ಇದೆಯೇ ಎಂದು ಮೊದಲೇ ನೋಡಬೇಕು. ಇದ್ದರೆ ಕಸಿ ಹಿಡಿಯದೇ ಹೋಗಬಹುದು.