ಚೆಕ್‌ಲಿಸ್ಟ್ ಬೇಡ, ಮಕ್ಕಳನ್ನು ಸೈಟ್‌ನಿಂದ ಹೊರಗೆ ಕಳಿಸಿ

ಒಂಬತ್ತನೇ ಕ್ಲಾಸಿಗೆ ನಂಬಬಹುದಾದ ವೆಬ್‌ಸೈಟ್ ಗುರುತಿಸುವ ಚೆಕ್‌ಲಿಸ್ಟ್ ಮಾಡುತ್ತಿದ್ದೀರಿ, ಏನೇನು ಸೇರಿಸಲಿ ಅಂತ ಕೇಳಿದ್ದೀರಿ. ಅಂಥದ್ದನ್ನೇ ನಾನೂ ಮಾಡಿ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಅಂಟಿಸಿದ್ದೆ. ವಿಳಾಸದ ಕೊನೆಗೆ ಡಾಟ್ ಆರ್ಗ್ ಇದೆಯಾ, ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದೆಯಾ, ಬರೆದವರ ಹೆಸರಿದೆಯಾ, ‘ನಮ್ಮ ಬಗ್ಗೆ’ ಪುಟ ಇದೆಯಾ, ಹೀಗೆ.

ಆ ವರ್ಷ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮೂವರು ಹುಡುಗಿಯರು ಅರಳಿ ಮರದ ಮಾಡೆಲ್ ಮಾಡಿದರು. ಅರಳಿ ಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಅನ್ನುವುದೇ ಅದರ ಮುಖ್ಯ ವಿಷಯ. ಅವರು ನೋಡಿದ ಸೈಟ್‌ಗೆ ನನ್ನ ಪಟ್ಟಿಯಲ್ಲಿ ಎಲ್ಲಕ್ಕೂ ಟಿಕ್ ಬಿದ್ದಿತ್ತು. ನಾನು ಒಪ್ಪಿದೆ. ತಾಲ್ಲೂಕು ಮಟ್ಟದಲ್ಲಿ ತೀರ್ಪುಗಾರರು, “ಬೆಳಕಿಲ್ಲದೆ ಆಮ್ಲಜನಕ ಎಲ್ಲಿಂದ ಬಂತಮ್ಮಾ?” ಅಂತ ಕೇಳಿದರು. ದ್ಯುತಿಸಂಶ್ಲೇಷಣೆ ಆ ಮಕ್ಕಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಬ್ಬಳು ಹೇಳಿದ್ದು, “ಸೈಟ್ ಸರಿಯಿದೆ ಸರ್, ಚೆಕ್ ಮಾಡಿದ್ದೀವಿ.” ರಾತ್ರಿ ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳುವ ಗಿಡಗಳಿವೆ, ಕಳ್ಳಿಯಂಥವು. ಅವೂ ಆಮ್ಲಜನಕ ಬಿಡುವುದು ಬೆಳಕಿನಲ್ಲೇ. ಮುಂದಿನ ವರ್ಷ ಆ ಮೂವರೂ ಪ್ರದರ್ಶನಕ್ಕೆ ಹೆಸರು ಕೊಡಲಿಲ್ಲ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ಆ ಪಟ್ಟಿಯಲ್ಲಿ ಇದ್ದದ್ದೆಲ್ಲ ಸೈಟಿನವರೇ ತಮ್ಮ ಬಗ್ಗೆ ತೋರಿಸಿಕೊಂಡದ್ದು. ಗಂಡು ಹೇಗೆ ಅಂತ ಗಂಡಿನ ಮನೆಯವರನ್ನೇ ವಿಚಾರಿಸಿದ ಹಾಗೆ. ಡಾಟ್ ಆರ್ಗ್ ವಿಳಾಸವನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು. (ಡಾಟ್ ಗವ್ ಡಾಟ್ ಇನ್ ಹಾಗಲ್ಲ, ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ.) ಬೀಗದ ಗುರುತು ಹೇಳುವುದು ಇಷ್ಟೇ: ನಮಗೂ ಆ ಸೈಟ್‌ಗೂ ನಡುವೆ ಹೋಗಿಬರುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು. ಸೈಟ್‌ನಲ್ಲಿರುವುದು ನಿಜವೋ ಸುಳ್ಳೋ ಅದಕ್ಕೆ ಸಂಬಂಧವೇ ಇಲ್ಲ. ಜನ ತಪ್ಪು ತಿಳಿಯುತ್ತಾರೆ ಅಂತಲೇ 2023ರಲ್ಲಿ ಕ್ರೋಮ್ ಬ್ರೌಸರ್ ಆ ಗುರುತನ್ನು ಕೈಬಿಟ್ಟಿತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ನನ್ನ ಕಣ್ಣು ತೆರೆಯಿತು. ಅದರಲ್ಲಿ ಪಿಎಚ್‌ಡಿ ಮಾಡಿದ 10 ಇತಿಹಾಸಕಾರರಿಗೆ, 10 ಫ್ಯಾಕ್ಟ್ ಚೆಕರ್‌ಗಳಿಗೆ (ಸುದ್ದಿ ನಿಜವೋ ಸುಳ್ಳೋ ಪರಿಶೀಲಿಸುವುದೇ ಇವರ ಕೆಲಸ), 25 ವಿದ್ಯಾರ್ಥಿಗಳಿಗೆ ವೆಬ್‌ಸೈಟ್‌ಗಳನ್ನು ನಂಬಬಹುದೇ ಅಂತ ನೋಡಲು ಹೇಳಿದ್ದರು. ಇತಿಹಾಸಕಾರರು, ವಿದ್ಯಾರ್ಥಿಗಳು ಲೋಗೋ, ಡೊಮೇನ್ ಹೆಸರು ನೋಡಿಯೇ ಎಷ್ಟೋ ಸಲ ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಪುಟದಲ್ಲಿ ಜಾಸ್ತಿ ಹೊತ್ತು ನಿಲ್ಲಲೇ ಇಲ್ಲ. ಹೊಸ ಟ್ಯಾಬ್ ತೆರೆದು, ಈ ಸೈಟಿನವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು.

ಕಲಿಸಬೇಕಾದದ್ದು ಇದೊಂದೇ ಅಭ್ಯಾಸ. ಲ್ಯಾಬ್ ಇಲ್ಲದಿದ್ದರೆ ನಿಮ್ಮ ಫೋನೇ ಸಾಕು. ಕನ್ನಡದಲ್ಲಿ ಹುಡುಕುವಾಗ ಒಂದು ತೊಂದರೆ ಇದೆ: ಒಂದೇ ಬರಹದ ನಕಲುಗಳು ಸಾಲಾಗಿ ಬರುತ್ತವೆ. ಮಕ್ಕಳು “ಐದು ಸೈಟಲ್ಲಿ ಇದೆ ಮಿಸ್” ಅನ್ನುತ್ತಾರೆ. ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿಸಿ. ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ಐದನ್ನೂ ಒಂದು ಅಂತಲೇ ಎಣಿಸಿ.

ಮೊದಲ ಪಾಠಕ್ಕೆ ‘ಜನಗಣಮನ ಜಗತ್ತಿನಲ್ಲೇ ಶ್ರೇಷ್ಠ ರಾಷ್ಟ್ರಗೀತೆ ಅಂತ ಯುನೆಸ್ಕೋ ಘೋಷಿಸಿದೆ’ ಅನ್ನುವ ಮೆಸೇಜ್ ಕೊಡಿ. ಮಕ್ಕಳಿಗೆ ಅದು ನಿಜವಾಗಿರಲಿ ಅಂತಲೇ ಆಸೆ ಇರುತ್ತದೆ, ಅದಕ್ಕೇ ಒಳ್ಳೆಯ ಪರೀಕ್ಷೆ. ಯುನೆಸ್ಕೋ 2008ರಲ್ಲೇ ಇದನ್ನು ಅಲ್ಲಗಳೆದಿದೆ. ಆ ಉತ್ತರವನ್ನು ನೀವು ಹೇಳಬೇಡಿ, ಅವರೇ ಹುಡುಕಲಿ.