ತಪ್ಪಿನ ಸಮೇತ ಎತ್ತಿದ್ದರು

ಪ್ರಶ್ನೆ: ಸರ್, ನಾವು ಐದು ಜನ ಗೆಳೆಯರು ಭಾನುವಾರ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳು. ಏಟು ಬಿತ್ತೋ ತಪ್ಪಿತೋ ಅಂತ 20 ಮುಖದ ದಾಳ ಹೇಳುತ್ತದೆ. ಅದೇ ನಿಯಮ ಇಟ್ಟುಕೊಂಡು, ನಮ್ಮ ನೌಬಾದ್ ಕರೇಜಿನ (ನೆಲದಡಿಯ ಹಳೆಯ ನೀರು ಕಾಲುವೆ) ಸುರಂಗದಲ್ಲಿ ನಡೆಯುವ ಆಟ ಬರೆದಿದ್ದೇನೆ. ಪುಸ್ತಕ ಮಾಡಿ ಮಾರಿದರೆ ಕೇಸ್ ಹಾಕುತ್ತಾರಾ? ನನ್ನದನ್ನೇ ಯಾರಾದರೂ ಕದ್ದರೆ?
– ಒಬ್ಬ ಓದುಗ, ಬೀದರ್

ಉತ್ತರ: ತಮ್ಮಾ, ನಾನು ಕಲಬುರಗಿಯಲ್ಲಿ ಮೂವತ್ತು ವರ್ಷ ಅಕೌಂಟೆನ್ಸಿ ಪಾಠ ಮಾಡಿದವನು. ನನಗೆ ಗೊತ್ತಿದ್ದ ದಾಳ ಪಗಡೆಯದು ಮಾತ್ರ. ಆದರೆ ನಿನ್ನ ಪ್ರಶ್ನೆಯ ಬೇರು ನಮ್ಮ ಲೆಕ್ಕದ ಪುಸ್ತಕದಲ್ಲೇ ಇದೆ. ಅಮೆರಿಕದ ಸುಪ್ರೀಂ ಕೋರ್ಟಿನ 1879ರ ಬೇಕರ್–ಸೆಲ್ಡನ್ ಕೇಸು ಲೆಕ್ಕ ಬರೆಯುವ ಪದ್ಧತಿಯ ಜಗಳ. ಪುಸ್ತಕಕ್ಕೆ ಕಾಪಿರೈಟ್ ಉಂಟು, ಪದ್ಧತಿಗೆ ಇಲ್ಲ ಅಂದಿತು ಕೋರ್ಟು. ಆಟದ ನಿಯಮಕ್ಕೂ ಅಲ್ಲಿ ಇದೇ ಲೆಕ್ಕ. ನಮ್ಮಲ್ಲೂ ಬರೀ ಐಡಿಯಾಗೆ ಕಾಪಿರೈಟ್ ಇಲ್ಲ ಅಂತ 1978ರ ಆರ್.ಜಿ. ಆನಂದ್ ಕೇಸಿನಲ್ಲಿ ತೀರ್ಪಾಗಿದೆ. ಆಟ ಆಡುವ ವಿಧಾನಕ್ಕೆ ಇಲ್ಲಿ ಪೇಟೆಂಟೂ ಸಿಗುವುದಿಲ್ಲ.

ಹಾಗಾಗಿ ದಾಳ ಉರುಳಿಸು, ಅಂಕಿ ಕೂಡಿಸು. ಅವರ ವಾಕ್ಯ, ಚಿತ್ರ, ಅವರೇ ಹುಟ್ಟಿಸಿದ ಭೂತಗಳು ಮಾತ್ರ ಬೇಡ. 1974ರಲ್ಲಿ ಆ ಆಟ ಬಂದಾಗ ಅವರೂ ‘ಹಾಬಿಟ್’ ಎಂಬ ಕುಳ್ಳ ಜನರ ಹೆಸರನ್ನು ಇಂಗ್ಲಿಷ್ ಲೇಖಕ ಟೋಲ್ಕೀನ್ ಕಥೆಯಿಂದ ಎತ್ತಿದ್ದರು. ಹಕ್ಕುದಾರರು ತಕರಾರು ತೆಗೆದ ಮೇಲೆ ಅದು ‘ಹಾಫ್ಲಿಂಗ್’ ಆಯಿತು! 2000ದಲ್ಲಿ ಆಟದ ಕಂಪನಿ ತನ್ನ ನಿಯಮಗಳನ್ನು ಷರತ್ತಿನ ಮೇಲೆ ಬೇರೆಯವರ ಬಳಕೆಗೂ ಬಿಟ್ಟಿತು. 2023ರಲ್ಲಿ ಆ ಷರತ್ತು ಬಿಗಿ ಮಾಡಲು ಹೋಗಿ, ಆಟಗಾರರು ರೊಚ್ಚಿಗೆದ್ದ ಮೇಲೆ ಮೂಲ ನಿಯಮದ ಪಠ್ಯವನ್ನೇ ಕ್ರಿಯೇಟಿವ್ ಕಾಮನ್ಸ್‌ಗೆ, ಅಂದರೆ ಮೂಲ ಹೇಳಿ ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಗೆ ಹಾಕಿತು. ಅದರಿಂದ ಸಾಲು ತೆಗೆದರೆ ಎಲ್ಲಿಂದ ತೆಗೆದೆ ಅಂತ ಪುಸ್ತಕದಲ್ಲಿ ಹಾಕು, ಸಾಕು.

ಇನ್ನು ನಿನ್ನದನ್ನು ಕದ್ದರೆ? ನಾನೊಮ್ಮೆ ಪಿಯುಸಿ ಮಕ್ಕಳಿಗೆ ಗೈಡ್ ಬರೆದಿದ್ದೆ. ಮರುವರ್ಷ ಸೂಪರ್ ಮಾರ್ಕೆಟ್ ಅಂಗಡಿಯಲ್ಲಿ ಇನ್ನೊಬ್ಬರ ಗೈಡ್ ಕಂಡಿತು. ಡೆಬಿಟ್–ಕ್ರೆಡಿಟ್ ಯಾರಪ್ಪನ ಆಸ್ತಿಯೂ ಅಲ್ಲ, ಅದಕ್ಕೆ ಸಿಟ್ಟಿಲ್ಲ. ಆದರೆ ನನ್ನ ಪುಸ್ತಕದ ಒಂದು ಲೆಕ್ಕದಲ್ಲಿ ಬಾಡಿಗೆ 1,250 ಹೋಗಿ 1,520 ಅಂತ ಅಚ್ಚಾಗಿತ್ತು. ಟ್ರಯಲ್ ಬ್ಯಾಲೆನ್ಸ್, ಅಂದರೆ ಡೆಬಿಟ್–ಕ್ರೆಡಿಟ್ ಎರಡೂ ಕಡೆಯ ಮೊತ್ತ, ತಾಳೆ ಆಗುತ್ತಿರಲಿಲ್ಲ. ಅವರದ್ದರಲ್ಲೂ 1,520. ಅವರದ್ದೂ ತಾಳೆ ಇಲ್ಲ! ಆ ತಪ್ಪು ತೋರಿಸಿದೆ ನೋಡು, ಅವರ ಬಾಯಿ ಕಟ್ಟಿತು.

ಬರೆದ ಕೂಡಲೇ ಕಾಪಿರೈಟ್ ನಿನ್ನದೇ, ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ಸಾಕ್ಷಿಗೆ ಅನುಕೂಲ. ಹಳೆಯ ಕರಡುಗಳನ್ನು ತಾರೀಖಿನ ಸಮೇತ ಇಟ್ಟುಕೋ. ಆಮೇಲೆ ನಿನ್ನ ನಕ್ಷೆಯಲ್ಲಿ, ನಿಜದ ಕರೇಜಿನಲ್ಲಿ ಇಲ್ಲದ ಒಂದು ಬಾವಿ ಸುಮ್ನೆ ಸೇರಿಸಿಬಿಡು. ಎಲ್ಲಿ ಅಂತ ನನಗೂ ಹೇಳಬೇಡ.